ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ (ಅಕ್ಟೋಬರ್ 8, 1922 – ಏಪ್ರಿಲ್ 7, 2001) ಭಾರತದ ಭೌತವಿಜ್ಞಾನಿ ಹಾಗೂ ಜೀವಭೌತವಿಜ್ಞಾನಿ. ಕೊಲಾಜೆನ್ ಎಂಬ ಪ್ರೋಟೀನಿನ ತ್ರಿವಳಿ ಸುರುಳಿ ರಚನೆಯನ್ನು ಸೂಚಿಸಿದವರೆಂದೂ, ಪ್ರೋಟೀನುಗಳ ರಚನೆಯನ್ನು ಪರಿಶೀಲಿಸಲು ಬಳಸುವ ರಾಮಚಂದ್ರನ್ ನಕ್ಷೆಯನ್ನು ರೂಪಿಸಿದವರೆಂದೂ ಅವರು ಪ್ರಸಿದ್ಧರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಗಣಿತ ವಿಧಾನವು ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ದೇಹದ ಒಳಭಾಗದ ಚಿತ್ರವನ್ನು ಕಟ್ಟುವ ಮುಖ್ಯ ವಿಧಾನಗಳಲ್ಲಿ ಒಂದಾಯಿತು. ಈ ವಿಧಾನದಲ್ಲಿ ಬಳಕೆಯಾಗುವ ಫಿಲ್ಟರ್ ಇಬ್ಬರ ಹೆಸರುಗಳ ಮೊದಲ ಭಾಗಗಳು ಸೇರಿ 'ರಾಮ್-ಲ್ಯಾಕ್ ಫಿಲ್ಟರ್' ಎಂದು ಕರೆಯಲ್ಪಡುತ್ತದೆ. ಸ್ಕ್ಯಾನ್ ಚಿತ್ರಗಳಿಂದ ಯಕೃತ್ತು, ಮೂಳೆ, ಶ್ವಾಸಕೋಶ ಮೊದಲಾದ ಅಂಗಗಳನ್ನು ಗಣಕಯಂತ್ರದ ನೆರವಿನಿಂದ ಬೇರ್ಪಡಿಸಿ ತೋರಿಸುವ ಇಂದಿನ ವಿಧಾನಗಳಿಗೆ ಇಂತಹ ಸ್ಪಷ್ಟ ಚಿತ್ರಗಳೇ ಆಧಾರ.

ಜನನ ಮತ್ತು ಶಿಕ್ಷಣ

ರಾಮಚಂದ್ರನ್ ಅಂದಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ ತಮಿಳು ಮಾತನಾಡುವ ಕುಟುಂಬದಲ್ಲಿ ಜನಿಸಿದರು. ತಂದೆ ಜಿ. ಆರ್. ನಾರಾಯಣ ಅಯ್ಯರ್ ಅವರು ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು, ಮುಂದೆ ಅಲ್ಲಿನ ಪ್ರಾಂಶುಪಾಲರಾದರು. ಗಣಿತದ ಒಲವು ರಾಮಚಂದ್ರನ್ ಅವರಿಗೆ ಮನೆಯಲ್ಲಿಯೇ ದೊರೆಯಿತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಮುಗಿಸಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಸಂಸ್ಥೆಯಲ್ಲಿ ಅವರು ಮೊದಲು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಕೆಲವೇ ಕಾಲದಲ್ಲಿ ಸಿ. ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗಕ್ಕೆ ವರ್ಗಾವಣೆಗೊಂಡು, ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಆರಂಭಿಸಿದರು. ವಜ್ರದ ಹರಳುಗಳ ಒಳದೋಷಗಳನ್ನು ಕ್ಷ-ಕಿರಣಗಳಿಂದ ಚಿತ್ರಿಸುವ ಕುರಿತು ಅವರು 1944ರಲ್ಲಿ ಪ್ರಕಟಿಸಿದ ಲೇಖನ ಆ ಕ್ಷೇತ್ರದ ಆರಂಭಿಕ ಕೃತಿಗಳಲ್ಲಿ ಒಂದು. ವಸ್ತುವನ್ನು ಒಡೆಯದೆ ಅದರ ಒಳರಚನೆಯನ್ನು ಕ್ಷ-ಕಿರಣಗಳಿಂದ ತಿಳಿಯುವ ಆಸಕ್ತಿ ಅವರಲ್ಲಿ ಹೀಗೆ ಬೆಂಗಳೂರಿನ ಮೊದಲ ವರ್ಷಗಳಲ್ಲಿಯೇ ಕಾಣಿಸಿಕೊಂಡಿತು. ಮದರಾಸು ವಿಶ್ವವಿದ್ಯಾಲಯದಿಂದ 1944ರಲ್ಲಿ ಎಂ.ಎಸ್ಸಿ. ಹಾಗೂ 1947ರಲ್ಲಿ ಡಿ.ಎಸ್ಸಿ. ಪದವಿಗಳನ್ನು ಪಡೆದರು.

1947ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿ, ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಡಬ್ಲ್ಯು. ಎ. ವೂಸ್ಟರ್ ಅವರೊಡನೆ ಕೆಲಸ ಮಾಡಿದರು. ಹರಳುಗಳಿಂದ ಚದುರುವ ಕ್ಷ-ಕಿರಣಗಳ ಮೂಲಕ ಅವುಗಳ ಸ್ಥಿತಿಸ್ಥಾಪಕ ಗುಣಗಳನ್ನು ಅಳೆಯುವುದು ಅವರ ವಿಷಯವಾಗಿತ್ತು. 1949ರಲ್ಲಿ ಪಿಎಚ್.ಡಿ. ಪದವಿ ಪಡೆದು ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಹಾಯಕ ಪ್ರಾಧ್ಯಾಪಕರಾದರು.

ಮದರಾಸಿನ ವರ್ಷಗಳು

1952ರಲ್ಲಿ ರಾಮಚಂದ್ರನ್ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ನೇಮಕಗೊಂಡರು. ಆಗ ಅವರಿಗೆ ಸುಮಾರು 30 ವರ್ಷ. ಚರ್ಮ, ಸ್ನಾಯುರಜ್ಜು ಮತ್ತು ಮೂಳೆಗಳಲ್ಲಿ ಹೇರಳವಾಗಿರುವ ಕೊಲಾಜೆನ್ ಪ್ರೋಟೀನಿನ ರಚನೆ ಆ ಕಾಲದಲ್ಲಿ ಬಿಡಿಸಲಾಗದ ಒಗಟಾಗಿತ್ತು. ಗೋಪಿನಾಥ್ ಕರ್ತಾ ಅವರೊಡನೆ ಕ್ಷ-ಕಿರಣ ಚಿತ್ರಗಳನ್ನು ಅಧ್ಯಯನ ಮಾಡಿದ ರಾಮಚಂದ್ರನ್, ಮೂರು ಸರಪಳಿಗಳು ಒಂದರೊಡನೊಂದು ಹೆಣೆದುಕೊಂಡ ಮಾದರಿಯನ್ನು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಂಡಿಸಿ, 1955ರಲ್ಲಿ ಅದನ್ನು ಪರಿಷ್ಕರಿಸಿದರು. ಸರಪಳಿಯ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನ್ ಏಕಿರಬೇಕೆಂಬುದನ್ನು ಈ ಮಾದರಿ ವಿವರಿಸಿತು: ಮೂರೂ ಸರಪಳಿಗಳು ಒತ್ತಾಗಿ ಸೇರುವ ನಡುಭಾಗದಲ್ಲಿ ಬೇರೆ ಯಾವುದಕ್ಕೂ ಸ್ಥಳವಿಲ್ಲ.

ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಸಮೀಪದಲ್ಲಿವೆ ಎಂದು ಆಕ್ಷೇಪಿಸಿದರು. ಪರಮಾಣುಗಳು ನಿಜಕ್ಕೂ ಎಷ್ಟು ಸಮೀಪಕ್ಕೆ ಬರಬಲ್ಲವು ಎಂಬುದನ್ನು ನಿರ್ಧರಿಸಲು ರಾಮಚಂದ್ರನ್ ಅಂದಿಗೆ ತಿಳಿದಿದ್ದ ರಚನೆಗಳನ್ನು ಕ್ರಮವಾಗಿ ಪರಿಶೀಲಿಸಿದರು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ರಾಮಚಂದ್ರನ್ ನಕ್ಷೆ ಈ ಪರಿಶೀಲನೆಯ ಫಲ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಮಾತ್ರ ತಿರುಗಬಲ್ಲದು ಎಂಬುದನ್ನು ಅದು ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಹೊಸದಾಗಿ ಕಂಡುಹಿಡಿದ ಪ್ರೋಟೀನ್ ರಚನೆಗಳ ಗುಣಮಟ್ಟವನ್ನು ಪರೀಕ್ಷಿಸಲು ಇಂದಿಗೂ ಇದನ್ನೇ ಬಳಸುತ್ತಾರೆ.

ಬೆಂಗಳೂರಿಗೆ ಮರಳಿಕೆ

1970ರಲ್ಲಿ ರಾಮಚಂದ್ರನ್ ಮದರಾಸು ವಿಶ್ವವಿದ್ಯಾಲಯವನ್ನು ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದು, ಆಣ್ವಿಕ ಜೀವಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು. ಇದೇ ಅವಧಿಯಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದೊಡನೆಯೂ ಅವರಿಗೆ ಸಂಬಂಧವಿತ್ತು. ಅದೇ ವರ್ಷ ಆರ್. ಶ್ರೀನಿವಾಸನ್ ಅವರೊಡನೆ ಬರೆದ, ಹರಳು ವಿಜ್ಞಾನದಲ್ಲಿ ಫೂರಿಯೇ ವಿಧಾನಗಳನ್ನು ಕುರಿತ ಗ್ರಂಥ ಪ್ರಕಟವಾಯಿತು. ಅಳತೆಗಳಿಂದ ರಚನೆಯನ್ನು ಲೆಕ್ಕಹಾಕಿ ಹೊರತೆಗೆಯುವ ಈ ಗಣಿತದಲ್ಲಿ ಪಡೆದಿದ್ದ ಪರಿಣತಿಯೇ ಅವರನ್ನು ವೈದ್ಯಕೀಯ ಚಿತ್ರಣದ ಸಮಸ್ಯೆಯತ್ತ ತಂದಿತು.

ಚಿತ್ರಣದ ಸಮಸ್ಯೆ

ಸಾಮಾನ್ಯ ಎಕ್ಸ್-ರೇ ಚಿತ್ರವು ಒಂದು ನೆರಳು. ಕಿರಣದ ದಾರಿಯಲ್ಲಿ ಬರುವ ಚರ್ಮ, ಮೂಳೆ, ಶ್ವಾಸಕೋಶ, ಹೃದಯ ಇವೆಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ಛಾಯೆಯಾಗಿ ಮೂಡುತ್ತವೆ. ಆ ಛಾಯೆಯಲ್ಲಿ ಯಾವ ಪಾಲು ಯಾವ ಅಂಗದ್ದೆಂದು ಒಂದೇ ಚಿತ್ರದಿಂದ ಹೇಳಲಾಗದು.

ಇದನ್ನು ತೆಂಗಿನಕಾಯಿಯ ಉದಾಹರಣೆಯಿಂದ ತಿಳಿಯಬಹುದು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹಲವು ತಿಂಗಳು ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡ ಮೇಲೆ ಕಾಯಿಯನ್ನು ಅಲ್ಲಾಡಿಸಿದರೆ ಸದ್ದಾಗುತ್ತದೆ. ಕೊಬ್ಬರಿ ಒಣಗಿದೆ ಎಂಬುದನ್ನು ಸದ್ದು ಹೇಳುತ್ತದೆ. ಒಳಗೆ ಎಲ್ಲಿ ಬಿರುಕಿದೆ, ಎಲ್ಲಿ ಕೊಳೆತಿದೆ ಎಂಬುದನ್ನು ಹೇಳದು. ಅಂತಹ ಕಾಯಿಯನ್ನು ಒಂದು ದಿಕ್ಕಿನಿಂದ ಎಕ್ಸ್-ರೇ ತೆಗೆದರೆ ಸಿಪ್ಪೆ, ಚಿಪ್ಪು, ಕೊಬ್ಬರಿ ಎಲ್ಲವೂ ಒಂದೇ ನೆರಳಿನಲ್ಲಿ ಬೆರೆಯುತ್ತವೆ. ಕಾಯಿಯ ಸುತ್ತಲೂ ಅನೇಕ ದಿಕ್ಕುಗಳಿಂದ ನೆರಳುಗಳನ್ನು ಪಡೆದರೆ, ಅವುಗಳಿಂದ ಕಾಯಿಯನ್ನು ಅಡ್ಡಲಾಗಿ ಕೊಯ್ದಂತಹ ಚಿತ್ರವನ್ನು ಲೆಕ್ಕದಿಂದಲೇ ಕಟ್ಟಬಹುದು. ಒಂದೊಂದು ದಿಕ್ಕಿನ ನೆರಳಿನ ಅಳತೆಗಳ ಸಾಲನ್ನು 'ಪ್ರಕ್ಷೇಪ' ಎನ್ನುತ್ತಾರೆ.

ಎಲ್ಲ ದಿಕ್ಕುಗಳ ಪ್ರಕ್ಷೇಪಗಳು ತಿಳಿದಿದ್ದರೆ ವಸ್ತುವಿನ ಒಳರಚನೆಯನ್ನು ನಿಖರವಾಗಿ ಪಡೆಯಬಹುದೆಂದು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲಿಯೇ ಸಾಧಿಸಿದ್ದರು. ಆದರೆ ಸೀಮಿತ ಸಂಖ್ಯೆಯ ಅಳತೆಗಳಿಂದ, ಗಣಕಯಂತ್ರದಲ್ಲಿ, ಕಡಿಮೆ ಸಮಯದಲ್ಲಿ ಇದನ್ನು ಮಾಡುವ ದಾರಿ ಬೇಕಾಗಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿ ಡಿ ರೋಸಿಯರ್ ಮತ್ತು ಆರನ್ ಕ್ಲುಗ್ 1968ರಲ್ಲಿ ಫೂರಿಯೇ ಪರಿವರ್ತನೆಯನ್ನು ಬಳಸಿದರು. ಗಾರ್ಡನ್, ಬೆಂಡರ್ ಮತ್ತು ಹರ್ಮನ್ 1970ರಲ್ಲಿ ಊಹಾಚಿತ್ರವನ್ನು ಮತ್ತೆ ಮತ್ತೆ ತಿದ್ದುತ್ತ ಹೋಗುವ ಬೀಜಗಣಿತ ವಿಧಾನವನ್ನು ಸೂಚಿಸಿದರು. ಮೊದಲನೆಯದರಲ್ಲಿ ವೃತ್ತಾಕಾರದಲ್ಲಿ ಹರಡಿದ ಬೆಲೆಗಳನ್ನು ಚೌಕಗಳ ಜಾಲಕ್ಕೆ ಹೊಂದಿಸುವಾಗ ದೋಷಗಳು ನುಸುಳುತ್ತಿದ್ದವು. ಎರಡನೆಯದಕ್ಕೆ ಲೆಕ್ಕಾಚಾರ ಬಹಳ ಬೇಕಾಗುತ್ತಿತ್ತು.

1971ರ ವಿಧಾನ

ರಾಮಚಂದ್ರನ್ 1971ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ನೆರಳಿನಿಂದ ವಸ್ತುವನ್ನು ಪುನಃ ರಚಿಸುವ ಗಣಿತ ಸಿದ್ಧಾಂತದ ಕುರಿತು ಲೇಖನ ಬರೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲಕ್ಷ್ಮೀನಾರಾಯಣನ್ ಅವರೊಡನೆ ಬರೆದ ಲೇಖನ ಪ್ರಕಟವಾಯಿತು. ಎಕ್ಸ್-ರೇ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಮೂರು ಆಯಾಮದ ರಚನೆಯನ್ನು ಪಡೆಯಲು ಫೂರಿಯೇ ಪರಿವರ್ತನೆಯ ಬದಲು 'ಕನ್ವಲ್ಯೂಷನ್' ಎಂಬ ಕ್ರಿಯೆಯನ್ನು ಬಳಸಬಹುದೆಂಬುದು ಅದರ ಸಾರ. ಗಣಕಯಂತ್ರದಲ್ಲಿ ಕೃತಕ ದತ್ತಾಂಶಗಳ ಮೇಲೆ ವಿಧಾನವನ್ನು ಪರೀಕ್ಷಿಸಿದ ಫಲಿತಾಂಶಗಳನ್ನೂ ಅದರಲ್ಲಿ ನೀಡಲಾಗಿತ್ತು.

ಪ್ರಕ್ಷೇಪಗಳನ್ನು ಬಂದ ದಿಕ್ಕಿನಲ್ಲಿಯೇ ಚಿತ್ರದ ಮೇಲೆ ಹಿಂದಕ್ಕೆ ಹರಡಿ ಕೂಡಿಸುವುದು ಸುಲಭದ ದಾರಿ. ಇದನ್ನು 'ಹಿಮ್ಮುಖ ಪ್ರಕ್ಷೇಪ' ಎನ್ನುತ್ತಾರೆ. ಆದರೆ ಹೀಗೆ ಮಾಡಿದರೆ ವಸ್ತುವಿನ ಒಂದು ಬಿಂದು ಚಿತ್ರದಲ್ಲಿ ಬಿಂದುವಾಗಿ ಉಳಿಯುವುದಿಲ್ಲ. ಎಲ್ಲ ದಿಕ್ಕಿನ ಗೆರೆಗಳೂ ಅಲ್ಲಿ ಕೂಡುವುದರಿಂದ ಅದರ ಸುತ್ತ ಮಂಜಿನಂತಹ ಪ್ರಭಾವಳಿ ಹಬ್ಬುತ್ತದೆ. ದೂರ ಎರಡರಷ್ಟಾದರೆ ಅದರ ತೀವ್ರತೆ ಅರ್ಧವಾಗುತ್ತದೆ. ದೇಹದ ಪ್ರತಿ ಬಿಂದುವಿಗೂ ಇದೇ ಆಗುವುದರಿಂದ ಅಂಗ ಅಂಗಗಳ ನಡುವಿನ ಅಂಚು ಕರಗಿಹೋಗುತ್ತದೆ.

ಇದಕ್ಕೆ ಪರಿಹಾರವೆಂದರೆ, ಹಿಂದಕ್ಕೆ ಹರಡುವ ಮೊದಲೇ ಪ್ರತಿಯೊಂದು ಪ್ರಕ್ಷೇಪವನ್ನು ತಿದ್ದುವುದು. ಪ್ರಕ್ಷೇಪದ ಒಂದೊಂದು ಅಳತೆಯನ್ನೂ ನಿಗದಿತ ತೂಕಗಳಿಂದ ಗುಣಿಸಿ ನೆರೆಯ ಸ್ಥಾನಗಳಿಗೆ ಹಂಚಲಾಗುತ್ತದೆ. ಅಳತೆಗಳ ನಡುವಿನ ಅಂತರವನ್ನು 1 ಎಂದಿಟ್ಟುಕೊಂಡರೆ, ನಡುವಿನ ಸ್ಥಾನದ ತೂಕ 0.25. ಅದರ ಎರಡೂ ಪಕ್ಕದ ಸ್ಥಾನಗಳಿಗೆ ಸುಮಾರು −0.101, ಎರಡನೆಯ ಸ್ಥಾನಗಳಿಗೆ 0, ಮೂರನೆಯ ಸ್ಥಾನಗಳಿಗೆ ಸುಮಾರು −0.011, ಮುಂದೆಯೂ ಸಮಸಂಖ್ಯೆಯ ದೂರಗಳಲ್ಲಿ 0, ಬೆಸಸಂಖ್ಯೆಯ ದೂರಗಳಲ್ಲಿ ಕ್ರಮೇಣ ಕುಗ್ಗುವ ಋಣ ಬೆಲೆಗಳು. ಹಿಂದಕ್ಕೆ ಹರಡಿದಾಗ ಈ ಋಣ ಬೆಲೆಗಳು ಪ್ರಭಾವಳಿಯನ್ನು ಅಳಿಸಿಹಾಕುತ್ತವೆ, ಬಿಂದು ಬಿಂದುವಾಗಿಯೇ ಉಳಿಯುತ್ತದೆ. ತೂಕಗಳ ಈ ಸಾಲೇ ರಾಮ್-ಲ್ಯಾಕ್ ಫಿಲ್ಟರ್.

ಈ ವಿಧಾನದಲ್ಲಿ ಕೂಡುವುದು ಮತ್ತು ಗುಣಿಸುವುದು ಬಿಟ್ಟು ಬೇರೆ ಕ್ರಿಯೆಗಳು ಬೇಕಿಲ್ಲ. ಒಂದು ದಿಕ್ಕಿನ ಪ್ರಕ್ಷೇಪವನ್ನು ತಿದ್ದಲು ಉಳಿದ ದಿಕ್ಕುಗಳ ಪ್ರಕ್ಷೇಪಗಳಿಗಾಗಿ ಕಾಯಬೇಕಿಲ್ಲ. ಅಳತೆ ನಡೆಯುತ್ತಿರುವಾಗಲೇ ಲೆಕ್ಕವನ್ನೂ ಮುಂದುವರಿಸಬಹುದು. ಅಂದಿನ ಸಣ್ಣ ಗಣಕಯಂತ್ರಗಳಿಗೆ ಇದು ದೊಡ್ಡ ಅನುಕೂಲವಾಗಿತ್ತು.

ಸಿ.ಟಿ. ಯಂತ್ರದೊಡನೆ ಸಂಬಂಧ

ಲೇಖನ ಪ್ರಕಟವಾದ ಮರುತಿಂಗಳು, 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ತಲೆಯ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಆ ಯಂತ್ರವನ್ನು ಸ್ವತಂತ್ರವಾಗಿ ರೂಪಿಸಿದ್ದರು. ಅದು 180 ಕೋನಗಳಲ್ಲಿ ತಲಾ 160 ಅಳತೆಗಳನ್ನು, ಒಟ್ಟು 28,800 ಅಳತೆಗಳನ್ನು ಪಡೆಯುತ್ತಿತ್ತು. ಅದರ ಚಿತ್ರವನ್ನು ಬೀಜಗಣಿತ ವಿಧಾನದಿಂದ ಕಟ್ಟಲು ದೊಡ್ಡ ಗಣಕಯಂತ್ರಕ್ಕೂ ಸುಮಾರು ಎರಡೂವರೆ ಗಂಟೆ ಹಿಡಿಯುತ್ತಿತ್ತು. ಬೆಂಗಳೂರಿನ ಕೆಲಸಕ್ಕೂ ಲಂಡನ್ನಿನ ಯಂತ್ರಕ್ಕೂ ನೇರ ಸಂಬಂಧವಿರಲಿಲ್ಲ. ಮುಂದಿನ ತಲೆಮಾರುಗಳ ಯಂತ್ರಗಳಲ್ಲಿ ಬೀಜಗಣಿತ ವಿಧಾನದ ಸ್ಥಾನವನ್ನು ಫಿಲ್ಟರ್ ಮಾಡಿದ ಹಿಮ್ಮುಖ ಪ್ರಕ್ಷೇಪ ಆಕ್ರಮಿಸಿತು. ಹಲವು ದಶಕಗಳ ಕಾಲ ಸಿ.ಟಿ. ಚಿತ್ರಣದ ಮುಖ್ಯ ವಿಧಾನವಾಗಿ ಅದೇ ಉಳಿಯಿತು.

ಈ ಗಣಿತದ ಮೂಲ ಭಾವನೆಯನ್ನು ರೇಡಿಯೋ ಖಗೋಳವಿಜ್ಞಾನಕ್ಕಾಗಿ ರೊನಾಲ್ಡ್ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿಯೇ ಮಂಡಿಸಿದ್ದರು. ಆದುದರಿಂದ ಈ ವಿಧಾನಕ್ಕೆ ಒಬ್ಬರನ್ನೇ ಜನಕರೆಂದು ಹೇಳುವುದು ಸರಿಯಾಗದು. ಎಕ್ಸ್-ರೇ ಚಿತ್ರಣಕ್ಕೆ ಅದನ್ನು ಅನ್ವಯಿಸಿ, ನೇರವಾಗಿ ಲೆಕ್ಕಹಾಕಬಹುದಾದ ಸರಳ ರೂಪವನ್ನು ನೀಡಿದ್ದು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅವರ ಕೊಡುಗೆ. ಲಕ್ಷ್ಮೀನಾರಾಯಣನ್ ಮುಂದೆ ಅಮೆರಿಕದ ಬಫಲೋದಲ್ಲಿ ಗಾಬರ್ ಹರ್ಮನ್ ಅವರೊಡನೆ ಕೆಲಸ ಮಾಡಿ, ಬೀಸಣಿಗೆಯಂತೆ ಹರಡುವ ಕಿರಣಗಳಿಗೂ ವಿಧಾನವನ್ನು ವಿಸ್ತರಿಸಿದರು. ಸಿ.ಟಿ. ಸ್ಕ್ಯಾನ್‌ಗಾಗಿ 1979ರ ನೊಬೆಲ್ ಪ್ರಶಸ್ತಿಯನ್ನು ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಾಕ್ ಅವರಿಗೆ ನೀಡಲಾಯಿತು.

ಅಂಗಗಳನ್ನು ಬೇರ್ಪಡಿಸುವ ವಿಧಾನಗಳು

ಸಿ.ಟಿ. ಚಿತ್ರದ ಪ್ರತಿ ಬಿಂದುವಿಗೂ ಒಂದು ಸಂಖ್ಯೆಯಿರುತ್ತದೆ. ಹೌನ್ಸ್‌ಫೀಲ್ಡ್ ಮಾನದಲ್ಲಿ ಗಾಳಿಗೆ −1000, ನೀರಿಗೆ 0. ಕೊಬ್ಬಿಗೆ ಸುಮಾರು −100, ಯಕೃತ್ತಿಗೆ ಸುಮಾರು 40ರಿಂದ 60, ಗಟ್ಟಿ ಮೂಳೆಗೆ ಹಲವು ನೂರುಗಳಿಂದ 1000ಕ್ಕೂ ಹೆಚ್ಚು. ಅಡ್ಡಕೊಯ್ತದ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಬೇಕಾದ ಅಂಗಕ್ಕೆ ಸೇರಿದ ಬಿಂದುಗಳನ್ನು ಮಾತ್ರ ಆಯ್ದುಕೊಳ್ಳುವ ಕಾರ್ಯವನ್ನು 'ಸೆಗ್ಮೆಂಟೇಶನ್' ಎನ್ನುತ್ತಾರೆ. ಗೆಡ್ಡೆಯ ಗಾತ್ರವನ್ನು ಅಳೆಯಲು, ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತನಾಳಗಳ ದಾರಿಯನ್ನು ಗುರುತಿಸಲು, ವಿಕಿರಣ ಚಿಕಿತ್ಸೆಯಲ್ಲಿ ಆರೋಗ್ಯವಂತ ಅಂಗಗಳನ್ನು ಕಾಪಾಡಲು ಇದು ಅಗತ್ಯ.

ಮಿತಿಮೌಲ್ಯ ವಿಧಾನ ಇವುಗಳಲ್ಲಿ ಅತ್ಯಂತ ಸರಳವಾದುದು. ಒಂದು ನಿಗದಿತ ಸಂಖ್ಯೆಗಿಂತ ಹೆಚ್ಚಿನ ಬೆಲೆಯ ಬಿಂದುಗಳನ್ನೆಲ್ಲ ಮೂಳೆಯೆಂದು ಆರಿಸಬಹುದು. ಮೇಲೆ ಹೇಳಿದ ಕಾಯಿಯ ಚಿತ್ರದಲ್ಲಿ ಗಟ್ಟಿಯಾದ ಚಿಪ್ಪನ್ನೂ ಒಳಗಿನ ಗಾಳಿಯನ್ನೂ ಹೀಗೆಯೇ ತೆಗೆದುಹಾಕಿ ಕೊಬ್ಬರಿಯ ಉಂಡೆಯನ್ನಷ್ಟೇ ಉಳಿಸಿಕೊಳ್ಳಬಹುದು. ಸೂಕ್ತ ಮಿತಿಯನ್ನು ಚಿತ್ರದಿಂದಲೇ ನಿರ್ಧರಿಸುವ ವಿಧಾನವನ್ನು ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ನೀಡಿದರು. ಯಕೃತ್ತು ಮತ್ತು ಅದರ ನೆರೆಯ ಸ್ನಾಯುಗಳಂತೆ ಬೆಲೆಗಳು ಹತ್ತಿರವಾಗಿರುವ ಕಡೆ ಮಿತಿಮೌಲ್ಯವೊಂದೇ ಸಾಲದು. ಅಲ್ಲಿ ಅಂಗದೊಳಗಿನ ಒಂದು ಬಿಂದುವಿನಿಂದ ಆರಂಭಿಸಿ ಹೋಲುವ ನೆರೆಬಿಂದುಗಳನ್ನು ಸೇರಿಸುತ್ತ ಹೋಗುವ ವಿಧಾನ, ಅಂಗದ ಅಂಚಿಗೆ ಅಂಟಿಕೊಳ್ಳುವಂತೆ ಬಾಗುವ ರೇಖೆಯ ವಿಧಾನ ಮುಂತಾದವು ಬಳಕೆಗೆ ಬಂದವು. ಆರಿಸಿದ ಬಿಂದುಗಳಿಂದ ಅಂಗದ ಮೇಲ್ಮೈಯನ್ನು ಸಣ್ಣ ತ್ರಿಕೋನಗಳಾಗಿ ಕಟ್ಟಿ ತೋರಿಸುವ 'ಮಾರ್ಚಿಂಗ್ ಕ್ಯೂಬ್ಸ್' ವಿಧಾನವನ್ನು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಲಾರೆನ್ಸನ್ ಮತ್ತು ಕ್ಲೈನ್ 1987ರಲ್ಲಿ ಪ್ರಕಟಿಸಿದರು. 2015ರಲ್ಲಿ ಬಂದ 'ಯು-ನೆಟ್' ಎಂಬ ನರಜಾಲದ ನಂತರ, ತಜ್ಞರು ಗುರುತು ಮಾಡಿದ ಚಿತ್ರಗಳಿಂದ ಕಲಿತು ಅಂಗಗಳನ್ನು ತಾನಾಗಿ ಗುರುತಿಸುವ ವಿಧಾನಗಳು ವ್ಯಾಪಕವಾದವು.

ಸೆಗ್ಮೆಂಟೇಶನ್ ವಿಧಾನಗಳನ್ನು ರಾಮಚಂದ್ರನ್ ರೂಪಿಸಲಿಲ್ಲ. ಆದರೆ ಇವೆಲ್ಲವೂ ಅಂಗದ ಅಂಚು ಚಿತ್ರದಲ್ಲಿ ಇದೆ, ಒಂದೇ ಬಗೆಯ ಅಂಗಾಂಶಕ್ಕೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಇದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ತಿದ್ದದ ಹಿಮ್ಮುಖ ಪ್ರಕ್ಷೇಪದ ಚಿತ್ರದಲ್ಲಿ ಇವೆರಡೂ ಇರುವುದಿಲ್ಲ. ನೆರೆಯ ಮೂಳೆಯ ಪ್ರಭಾವಳಿ ಮೃದು ಅಂಗಾಂಶದ ಮೇಲೂ ಬಿದ್ದು, ಅದರ ಸಂಖ್ಯೆಯನ್ನು ಕೆಡಿಸುತ್ತದೆ.

ಮಿತಿಗಳು

ರಾಮ್-ಲ್ಯಾಕ್ ಫಿಲ್ಟರ್ ಅಂಚುಗಳನ್ನು ತೀಕ್ಷ್ಣಗೊಳಿಸುವಂತೆಯೇ ಅಳತೆಯ ಏರುಪೇರುಗಳನ್ನೂ ಹಿಗ್ಗಿಸುತ್ತದೆ. ಕಿರಣದ ಪ್ರಮಾಣ ಕಡಿಮೆಯಾದಷ್ಟೂ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಹೆಚ್ಚುತ್ತದೆ. ಇದನ್ನು ತಗ್ಗಿಸಲು ಷೆಪ್ ಮತ್ತು ಲೋಗನ್ 1974ರಲ್ಲಿ ತುಸು ಮೃದುವಾದ ಫಿಲ್ಟರ್ ಒಂದನ್ನು ಸೂಚಿಸಿದರು. ಇಂದಿನ ಯಂತ್ರಗಳಲ್ಲಿ ಮೂಳೆ ಮತ್ತು ಶ್ವಾಸಕೋಶಗಳಿಗೆ ತೀಕ್ಷ್ಣ ಫಿಲ್ಟರುಗಳನ್ನೂ, ಯಕೃತ್ತಿನಂತಹ ಮೃದು ಅಂಗಗಳಿಗೆ ಮೃದು ಫಿಲ್ಟರುಗಳನ್ನೂ ಆರಿಸಲಾಗುತ್ತದೆ. ಈ ಆಯ್ಕೆ ಬದಲಾದರೆ ಅದೇ ರೋಗಿಯ ಅದೇ ಅಂಗದ ಅಳತೆಯೂ ಸ್ವಲ್ಪ ಬದಲಾಗಬಹುದು. ಗಣಕಯಂತ್ರಗಳ ಶಕ್ತಿ ಹೆಚ್ಚಿದಂತೆ, ಮತ್ತೆ ಮತ್ತೆ ತಿದ್ದುವ ಹಳೆಯ ಬಗೆಯ ವಿಧಾನಗಳು ಕಡಿಮೆ ವಿಕಿರಣದ ಸ್ಕ್ಯಾನ್‌ಗಳಿಗಾಗಿ ಹೊಸ ರೂಪದಲ್ಲಿ ಮರಳಿ ಬಂದಿವೆ.

ಕೊನೆಯ ವರ್ಷಗಳು

1970ರ ದಶಕದ ಕೊನೆಯಲ್ಲಿ ರಾಮಚಂದ್ರನ್ ಅವರ ಆಸಕ್ತಿ ಗಣಿತ ಮತ್ತು ತರ್ಕಶಾಸ್ತ್ರದ ಕಡೆಗೆ ಹೊರಳಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಿತೀಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಜೈನರ ಸ್ಯಾದ್ವಾದದಿಂದ ಪ್ರೇರಣೆ ಪಡೆದು 'ಸ್ಯಾದ್ ನ್ಯಾಯ' ಎಂಬ ತರ್ಕಪದ್ಧತಿಯನ್ನು ಬೆಳೆಸಿದರು. ಹೌದು, ಅಲ್ಲ ಎಂಬ ಎರಡರ ಜೊತೆಗೆ ಅನಿಶ್ಚಿತ ಸ್ಥಿತಿಗಳನ್ನೂ ಬೀಜಗಣಿತದ ನಿಯಮಗಳಿಗೆ ಒಳಪಡಿಸುವುದು ಅದರ ಉದ್ದೇಶವಾಗಿತ್ತು. ಸಂಗೀತದಲ್ಲಿಯೂ ಅವರಿಗೆ ಆಸಕ್ತಿಯಿತ್ತು.

1945ರಲ್ಲಿ ಅವರು ರಾಜಲಕ್ಷ್ಮಿಯವರನ್ನು ವಿವಾಹವಾಗಿದ್ದರು. ದಂಪತಿಗಳಿಗೆ ಮೂವರು ಮಕ್ಕಳು. ಅವರಲ್ಲಿ ರಮೇಶ್ ನಾರಾಯಣ್ ಖ್ಯಾತ ಖಗೋಳಭೌತವಿಜ್ಞಾನಿ. ಪತ್ನಿ 1998ರಲ್ಲಿ ನಿಧನರಾದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ ರಾಮಚಂದ್ರನ್, 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಪ್ರಶಸ್ತಿ ಮತ್ತು ಮನ್ನಣೆ

ರಾಮಚಂದ್ರನ್ ಅವರಿಗೆ 1961ರಲ್ಲಿ ಭೌತವಿಜ್ಞಾನಕ್ಕಾಗಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಅಂತರರಾಷ್ಟ್ರೀಯ ಹರಳುವಿಜ್ಞಾನ ಒಕ್ಕೂಟವು 1999ರಲ್ಲಿ ಇವಾಲ್ಡ್ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಅವರಿಗೆ ನೊಬೆಲ್ ಪ್ರಶಸ್ತಿ ಬರಲಿಲ್ಲ. ಅವರು ಕಟ್ಟಿದ ಆಣ್ವಿಕ ಜೀವಭೌತವಿಜ್ಞಾನ ಘಟಕವು ಬೆಂಗಳೂರಿನಲ್ಲಿ ಪ್ರೋಟೀನ್ ರಚನೆಗಳ ಸಂಶೋಧನೆಯ ಮುಖ್ಯ ಕೇಂದ್ರವಾಗಿ ಮುಂದುವರಿದಿದೆ. ಜೀವವಿಜ್ಞಾನದ ಪಠ್ಯಪುಸ್ತಕಗಳಲ್ಲಿ ರಾಮಚಂದ್ರನ್ ನಕ್ಷೆಯಾಗಿ ಕಾಣುವ ಅವರ ಹೆಸರು, ಚಿತ್ರ ಸಂಸ್ಕರಣೆಯ ಪಠ್ಯಪುಸ್ತಕಗಳಲ್ಲಿ ಮತ್ತು ತಂತ್ರಾಂಶಗಳಲ್ಲಿ ರಾಮ್-ಲ್ಯಾಕ್ ಫಿಲ್ಟರಿನ ಮೊದಲ ಅರ್ಧವಾಗಿ ಉಳಿದಿದೆ.